ಒಮ್ಮೆಯೂ ಚಾಂಪಿಯನ್ ಆಗದ ನಾರ್ಥಾಂಪ್ಟನ್‌ಶೈರ್: ಕುಂಬ್ಳೆ ಅಲ್ಲಿ ನೂರು ವಿಕೆಟ್ ತೆಗೆದಿದ್ದು ನಿಜಾನಾ?

ಬಳ್ಳಾರಿ ಬಿಸಿಲು:

ಎಲ್ಲರಿಗೂ ನಮಸ್ಕಾರ. ಪಂತದ ವಿಷಯ, ಗೊತ್ತಿದ್ದವರು ಸ್ವಲ್ಪ ಬೇಗ ಹೇಳಿ.

ಭಾನುವಾರ ಮುನಿಸಿಪಲ್ ಗ್ರೌಂಡ್‌ನಲ್ಲಿ ಮ್ಯಾಚ್ ಮುಗಿಸಿ ಎಲ್ಲರೂ ಒಗ್ಗಾಣಿ ಮಿರ್ಚಿ ತಿನ್ನುತ್ತಾ ನಿಂತಿದ್ದೆವು. ಕರುಣ್ ನಾಯರ್ ಮಾತು ಬಂತು. ಟೀಮಿನಲ್ಲಿ ಜಾಗ ಸಿಗದೇ ಇದ್ದಾಗ ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ಶೈರ್ ಪರ 200 ಹೊಡೆದ ಅಂತ ನಾನು ಹೇಳಿದೆ. ಪಕ್ಕದಲ್ಲೇ ಇದ್ದ ನಮ್ಮ ಸೋದರಮಾವ, ಅವರದು ಜೀನ್ಸ್ ಹೊಲಿಯುವ ಸಣ್ಣ ಘಟಕ ಇದೆ, ಸುಮ್ನೆ ಮಿರ್ಚಿ ತಿನ್ನೋದು ಬಿಟ್ಟು "ಅದೇ ಕ್ಲಬ್ಬಿಗೆ ಆಡಿ ಕುಂಬ್ಳೆ ಒಂದೇ ಸೀಸನ್‌ನಲ್ಲಿ ನೂರಕ್ಕಿಂತ ಜಾಸ್ತಿ ವಿಕೆಟ್ ಎತ್ತಿದ್ದ, ಆಗ ನೀವ್ಯಾರೂ ಹುಟ್ಟಿರಲಿಲ್ಲ" ಅಂದುಬಿಟ್ಟರು. ರಣಜಿಯಲ್ಲಿ 60 ವಿಕೆಟ್ ಬಂದರೆ ಪೇಪರಿನಲ್ಲಿ ದೊಡ್ಡ ಫೋಟೊ ಹಾಕ್ತಾರೆ, ನೂರು ಹೆಂಗೆ ಸಾಧ್ಯ ಮಾವ ಅಂತ ನಾನು ನಕ್ಕೆ. ಅಷ್ಟಕ್ಕೇ ಅವರಿಗೆ ಸಿಟ್ಟು. ಸೋತವರು ಇಡೀ ತಂಡಕ್ಕೆ ಮಿರ್ಚಿ ಕೊಡಿಸಬೇಕು ಅಂತ ಪಂತ ಆಗಿದೆ.

ನೂರು ವಿಕೆಟ್ ನಿಜಾನಾ? ಇನ್ನೊಂದು, ಈ ಕೌಂಟಿ ಅಂದರೆ ನಮ್ಮ ಜಿಲ್ಲಾ ತಂಡ ಇದ್ದ ಹಾಗಾ, ಇಲ್ಲ ಐಪಿಎಲ್ ಥರ ಯಾರೋ ಸಾಹುಕಾರರದ್ದಾ? ನೆಟ್‌ನಲ್ಲಿ ನೋಡಿದರೆ ಈ ತಂಡ ಇಲ್ಲಿಯವರೆಗೂ ಕೌಂಟಿ ಚಾಂಪಿಯನ್‌ಶಿಪ್, ಅಂದರೆ ಅಲ್ಲಿನ ರಣಜಿ ಇದ್ದ ಹಾಗೆ, ಅದನ್ನು ಗೆದ್ದೇ ಇಲ್ಲ ಅಂತಿದೆ. ಗೆಲ್ಲದೇ ಇಷ್ಟು ವರ್ಷ ಹೇಗೆ ನಡೀತಿದೆ ಅನ್ನೋದೇ ನನಗೆ ಅರ್ಥ ಆಗಲಿಲ್ಲ.

ಗಂಜ್ ರಾಯಚೂರು:

ತಮ್ಮಾ, ಮೊದಲು ಮಿರ್ಚಿಗೆ ದುಡ್ಡು ರೆಡಿ ಮಾಡಿಕೋ. ನಿಮ್ಮ ಮಾವ ಹೇಳಿದ್ದು ಖರೇ. 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್ ತೆಗೆದ, ಸರಾಸರಿ ಇಪ್ಪತ್ತು ಚಿಲ್ಲರೆ. ಆ ವರ್ಷ ಇಡೀ ಇಂಗ್ಲೆಂಡಿನಲ್ಲಿ ನೂರು ದಾಟಿದ ಬೌಲರ್ ಅವನೊಬ್ಬನೇ. ಆಗ ಅವನಿಗೆ 24 ವರ್ಷ.

ನೂರು ಹೇಗೆ ಸಾಧ್ಯ ಅಂದೆಯಲ್ಲ, ಲೆಕ್ಕ ಸುಲಭ. ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲೆ ಹೆಸರಿನ ತಂಡಗಳು, ಒಟ್ಟು 18. ಆಗ ತಂಡಗಳನ್ನು ಮೇಲಿನದು ಕೆಳಗಿನದು ಅಂತ ಎರಡು ಡಿವಿಷನ್ ಮಾಡಿರಲಿಲ್ಲ, ಅದು ಬಂದಿದ್ದು 2000ದಲ್ಲಿ. ಪ್ರತಿ ತಂಡ ಉಳಿದ ಹದಿನೇಳರ ಜೊತೆಗೂ ಒಂದೊಂದು ನಾಲ್ಕು ದಿನದ ಮ್ಯಾಚ್ ಆಡಬೇಕು. ಅದರ ಮಧ್ಯೆ ಒಂದು ದಿನದ ಪಂದ್ಯಗಳು ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಸ್ಸು, ಹೋಟೆಲ್ಲು, ಗ್ರೌಂಡು, ಮತ್ತೆ ಬಸ್ಸು. ನಮ್ಮ ಹುಡುಗರು ಎರಡು ದಿನ ಬೌಲ್ ಮಾಡಿದರೆ ಮೂರನೇ ದಿನ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ. ಕುಂಬ್ಳೆ ಐದು ತಿಂಗಳು ಹಾಗೆ ದುಡಿದ.

ಅವನಿಗೆ ಆ ಜಾಗ ಸಿಕ್ಕಿದ್ದೂ ಒಂದು ಕತೆ. ಆ ತಂಡದ ವಿದೇಶಿ ಆಟಗಾರ ಕರ್ಟ್ಲಿ ಆಂಬ್ರೋಸ್. 1995ರಲ್ಲಿ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡ್ ಪ್ರವಾಸಕ್ಕೆ ಬಂತು, ಆಂಬ್ರೋಸ್ ಆ ಕಡೆ ಹೋದ, ಒಂದು ವರ್ಷದ ಮಟ್ಟಿಗೆ ಕುಂಬ್ಳೆ ಬಂದ. ಆರಡಿ ಏಳಿಂಚಿನ ವೇಗದ ಬೌಲರ್ ಜಾಗಕ್ಕೆ ಕನ್ನಡಕದ ಇಂಜಿನಿಯರ್ ಹುಡುಗ. ಕ್ಯಾಪ್ಟನ್ ಅಲನ್ ಲ್ಯಾಂಬ್. ಆ ಸೀಸನ್‌ನಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಮೇಲಿನ ಒಂದು ಮ್ಯಾಚ್ ಇದೆ, ಸ್ಕೋರು ನೋಡಿದರೆ ತಪ್ಪಾಗಿ ಬರೆದಿದ್ದಾರೆ ಅನಿಸುತ್ತೆ. ಎದುರಿನವರು ಮೊದಲ ಇನ್ನಿಂಗ್ಸ್‌ನಲ್ಲಿ 527 ಹೊಡೆದರು. ಅಷ್ಟು ಹೊಡೆದವರು ಸೋಲೋದಿಲ್ಲ ಅಲ್ವಾ? ಇವರು 7 ವಿಕೆಟ್ಟಿಗೆ 781 ಮಾಡಿ ಡಿಕ್ಲೇರ್ ಮಾಡಿದರು, ಆಮೇಲೆ ಅವರನ್ನು ಬೇಗ ಮುಗಿಸಿ ಇನ್ನಿಂಗ್ಸ್‌ನಿಂದ ಗೆದ್ದರು. ಆ ವರ್ಷದ ಚಾಂಪಿಯನ್ ವಾರ್ವಿಕ್‌ಶೈರ್ ತಂಡವನ್ನು ಅವರ ಊರಿನಲ್ಲೇ 7 ರನ್ನಿನಿಂದ ಸೋಲಿಸಿದರು. ಇಷ್ಟೆಲ್ಲ ಮಾಡಿಯೂ ಕೊನೆಗೆ ಬಂದಿದ್ದು ಮೂರನೇ ಸ್ಥಾನ. ಅದೇ ಈ ಕ್ಲಬ್ಬಿನ ಹಣೆಬರಹ.

ನಾನು ಆಗ ಬ್ಯಾಂಕಿಗೆ ಹೊಸದಾಗಿ ಸೇರಿದ್ದೆ. ಪೇಪರಿನ ಆಟದ ಪುಟದ ಕೆಳಗೆ, ಮೂಲೆಯಲ್ಲಿ, ಎರಡು ಸಾಲು ಬರುತ್ತಿತ್ತು, 'ಕುಂಬ್ಳೆಗೆ ಐದು ವಿಕೆಟ್' ಅಂತ. ಅದಕ್ಕೋಸ್ಕರ ಬೆಳಿಗ್ಗೆ ಗಂಜ್‌ನ ಚಹಾ ಅಂಗಡಿಗೆ ಹೋಗಿ ಪೇಪರ್ ಹಿಂದಿನಿಂದ ಓದೋದು.

ಕಿನ್ನಾಳ ಬೊಂಬೆ:

ಗಂಜ್ ಸರ್ ಒಳ್ಳೆಯ ಕಾಲದ ಕತೆ ಹೇಳಿದರು. ನಾನು ಕೆಟ್ಟ ಕಾಲದ್ದು ಹೇಳ್ತೀನಿ, ನನಗೆ ಈ ತಂಡ ಇಷ್ಟ ಆಗಿದ್ದೇ ಅದರಿಂದ.

ಕ್ಲಬ್ಬು ಶುರುವಾಗಿದ್ದು 1878ರಲ್ಲಿ. ಫಸ್ಟ್ ಕ್ಲಾಸ್ ಮಾನ್ಯತೆ ಸಿಕ್ಕಿದ್ದು 1905ರಲ್ಲಿ. ಎರಡೇ ವರ್ಷ ಆಗಿದೆ, 1907ರಲ್ಲಿ ಗ್ಲಾಸ್ಟರ್ ಊರಿಗೆ ಹೋಗಿ ಗ್ಲಾಸ್ಟರ್‌ಶೈರ್ ಎದುರು ಒಂದು ಇನ್ನಿಂಗ್ಸ್‌ನಲ್ಲಿ ಆಲೌಟ್ ಆದರು. ಎಷ್ಟಕ್ಕೆ? 12ಕ್ಕೆ. ಹನ್ನೆರಡು. ತಂಡದ ಮೊತ್ತ ಕಣ್ರೀ, ಒಬ್ಬನದ್ದಲ್ಲ. ಜಾರ್ಜ್ ಡೆನೆಟ್ ಅನ್ನೋ ಎಡಗೈ ಸ್ಪಿನ್ನರ್ 9 ರನ್ ಕೊಟ್ಟು 8 ವಿಕೆಟ್ ಎತ್ತಿದ. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ಅದಕ್ಕಿಂತ ಕಡಿಮೆ ಇವತ್ತಿನವರೆಗೂ ಯಾರೂ ಮಾಡಿಲ್ಲ. ನಮ್ಮೂರ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲೂ ಹನ್ನೆರಡಕ್ಕೆ ಔಟಾದರೆ ಮುಂದಿನ ವರ್ಷ ಎಂಟ್ರಿ ಫೀ ಕೊಟ್ಟರೂ ಸೇರಿಸಿಕೊಳ್ಳೋದಿಲ್ಲ.

ಅದೇನೂ ಅಲ್ಲ. 1935ರ ಮೇ ತಿಂಗಳಿನಿಂದ 1939ರ ಮೇ ತಿಂಗಳವರೆಗೆ ಚಾಂಪಿಯನ್‌ಶಿಪ್‌ನಲ್ಲಿ ಒಂದೂ ಮ್ಯಾಚ್ ಗೆಲ್ಲಲಿಲ್ಲ. ಲೆಕ್ಕ ಹಾಕಿದರೆ 99 ಪಂದ್ಯ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಎದ್ದು, ಬಿಳಿ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು, ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಆಡೋಕೆ ಹೋಗೋದು ಅಂದರೆ ಏನು ಅಂತ ಯೋಚನೆ ಮಾಡಿ. ಕೊನೆಗೆ ಲೆಸ್ಟರ್‌ಶೈರ್ ವಿರುದ್ಧ ಗೆದ್ದರು, ಡೆನಿಸ್ ಬ್ರೂಕ್ಸ್ 187 ಹೊಡೆದ. ಆ ಬ್ರೂಕ್ಸ್ ಮುಂದೆ ಕ್ಯಾಪ್ಟನ್ ಆದ, ಕ್ಲಬ್ಬಿನ ಪರ 28 ಸಾವಿರಕ್ಕೂ ಜಾಸ್ತಿ ರನ್ ಮಾಡಿದ. ಅವನಿಗಿಂತ ಜಾಸ್ತಿ ಆ ಕ್ಲಬ್ಬಿಗೆ ಯಾರೂ ಮಾಡಿಲ್ಲ.

ಆ ನಾಲ್ಕು ವರ್ಷದ ಮಧ್ಯದಲ್ಲೇ ಇನ್ನೊಂದು ಹೊಡೆತ. ಫ್ರೆಡ್ ಬೇಕ್‌ವೆಲ್ ಅಂತ ಓಪನರ್ ಇದ್ದ. 1936ರಲ್ಲಿ ಡರ್ಬಿಶೈರ್ ಮೇಲೆ 241 ನಾಟೌಟ್ ಮಾಡಿ ಕಾರಿನಲ್ಲಿ ವಾಪಸ್ ಬರ್ತಿದ್ದ. ಕಾರು ಪಲ್ಟಿ. ಜೊತೆಗಿದ್ದ ಆಟಗಾರ ರೆಗಿ ನಾರ್ಥ್‌ವೇ ಅಲ್ಲೇ ಹೋದ, ಬೇಕ್‌ವೆಲ್ ಕೈ ಮುರಿದು ಮತ್ತೆ ಆಡಲೇ ಇಲ್ಲ. ಆ 241 ನಾಟೌಟೇ ಅವನ ಕೊನೆಯ ಇನ್ನಿಂಗ್ಸ್ ಆಯ್ತು.

ಟಿ20 ಸಾಕು:

ಇಷ್ಟು ಸೋತ ತಂಡದ ಬಗ್ಗೆ ಇಷ್ಟು ಬರೆಯೋಕೆ ನಿಮಗೆಲ್ಲ ಟೈಮ್ ಎಲ್ಲಿಂದ ಬರುತ್ತೋ. ಖಾಲಿ ಸ್ಟೇಡಿಯಂ, ನಾಲ್ಕು ಜನ ಮುದುಕರು, ಒಂದು ನಾಯಿ. ಅದಕ್ಕಿಂತ ನಮ್ಮ ಬಳ್ಳಾರಿ ಟಸ್ಕರ್ಸ್ ಮ್ಯಾಚಿಗೇ ಜಾಸ್ತಿ ಜನ ಸೇರ್ತಿದ್ದರು. ಅಂದಹಾಗೆ ದ್ರಾವಿಡ್ ಕೂಡ ಇದೇ ನಾರ್ಥಾಂಪ್ಟನ್‌ಗೆ ಆಡಿದ್ದು ಅಲ್ವಾ?

ಗಂಜ್ ರಾಯಚೂರು:

ಅಲ್ಲ. ದ್ರಾವಿಡ್ ಆಡಿದ್ದು ಕೆಂಟ್‌ಗೆ, 2000ದಲ್ಲಿ. ಶ್ರೀನಾಥ್ 1995ರಲ್ಲಿ ಗ್ಲಾಸ್ಟರ್‌ಶೈರ್‌ಗೆ, ಅಂದರೆ ಕುಂಬ್ಳೆ ಅಲ್ಲಿದ್ದ ವರ್ಷವೇ. ಮುಂದೆ ಲೆಸ್ಟರ್‌ಶೈರ್‌ಗೆ, ಡರ್ಹ್ಯಾಮ್‌ಗೆ ಆಡಿದ. ಕುಂಬ್ಳೆಯೂ ಆಮೇಲೆ ಲೆಸ್ಟರ್‌ಶೈರ್, ಸರ್ರೆ ಅಂತ ಹೋದ. ಆದರೆ ಆ ನೂರು ವಿಕೆಟ್ ಮಾತ್ರ ನಾರ್ಥಾಂಪ್ಟನ್‌ನಲ್ಲೇ.

ಟಿ20 ಪ್ರಿಯರಿಗೆ ಒಂದು ಮಾತು, ಇದೇ 'ಸೋತ ತಂಡ' 2013 ಮತ್ತು 2016ರಲ್ಲಿ ಇಂಗ್ಲೆಂಡಿನ ಟಿ20 ಕಪ್ ಗೆದ್ದಿದೆ. ಅದಕ್ಕೂ ಮುಂಚೆ ಒಂದು ದಿನದ ಕಪ್‌ಗಳನ್ನು 1976, 1980, 1992ರಲ್ಲಿ ಗೆದ್ದಿದೆ. ಗೆಲ್ಲದೇ ಉಳಿದಿದ್ದು ದೊಡ್ಡದು ಒಂದೇ, ಕೌಂಟಿ ಚಾಂಪಿಯನ್‌ಶಿಪ್. ಅದರಲ್ಲಿ 1912, 1957, 1965, 1976, ನಾಲ್ಕು ಸಲ ಎರಡನೇ ಸ್ಥಾನ. 1965ರಲ್ಲಿ ತಪ್ಪಿದ್ದು ಬರೀ 4 ಪಾಯಿಂಟ್‌ನಿಂದ. ಸಾಮರ್‌ಸೆಟ್ ಕೂಡ ಇನ್ನೂ ಗೆದ್ದಿಲ್ಲ, ಗ್ಲಾಸ್ಟರ್‌ಶೈರ್ 1890ರಲ್ಲಿ ಚಾಂಪಿಯನ್‌ಶಿಪ್ ಅಧಿಕೃತವಾಗಿ ಶುರುವಾದ ಮೇಲೆ ಗೆದ್ದಿಲ್ಲ. ಮೂರು ಮನೆಯ ಕಷ್ಟ ಒಂದೇ.

ಕೌಲ್ ಬಜಾರ್ ಟೈಲರ್:

ಪ್ರಶ್ನೆ ಕೇಳಿದ ತಮ್ಮನ ಮಾವ ಜೀನ್ಸ್ ಹೊಲಿಸ್ತಾರೆ ಅಂತ ಓದಿ ಬರೀತಿದ್ದೀನಿ, ನಾನೂ ಅದೇ ಕಸುಬಿನವ. ಬಳ್ಳಾರಿಗೆ ಜೀನ್ಸ್ ಹೇಗೋ ನಾರ್ಥಾಂಪ್ಟನ್ ಊರಿಗೆ ಬೂಟು ಹಾಗೆ. ನೂರಾರು ವರ್ಷದಿಂದ ಅಲ್ಲಿ ಚಪ್ಪಲಿ, ಬೂಟು ಮಾಡೋದೇ ಕೆಲಸ, ಸೈನ್ಯಕ್ಕೂ ಅಲ್ಲಿಂದಲೇ ಹೋಗುತ್ತಿತ್ತು. ಆ ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಕಾಬ್ಲರ್ಸ್, ಅಂದರೆ ನಮ್ಮ ಮಾತಿನಲ್ಲಿ ಬೂಟು ಹೊಲಿಯೋರು. ನಮ್ಮ ಟೀಮಿಗೆ 'ಕಟಿಂಗ್ ಮಾಸ್ಟರ್ಸ್' ಅಂತ ಹೆಸರಿಡಿ ಅಂದರೆ ಹುಡುಗರು ನಕ್ಕರು, ಅಲ್ಲಿ ನೋಡಿ.

ತಮಾಷೆ ಏನಂದರೆ ಆ ಫುಟ್‌ಬಾಲ್ ತಂಡವೂ ಕ್ರಿಕೆಟ್ ಕ್ಲಬ್ಬೂ ಸುಮಾರು ನೂರು ವರ್ಷ ಒಂದೇ ಮೈದಾನದಲ್ಲಿ ಆಡಿದವು. ವಾಂಟೇಜ್ ರೋಡ್ ಮೈದಾನ. ಫುಟ್‌ಬಾಲ್ ಅಂಕಣಕ್ಕೆ ಮೂರು ಕಡೆ ಮಾತ್ರ ಜನ ಕೂರುವ ಜಾಗ, ನಾಲ್ಕನೇ ಕಡೆ ಕ್ರಿಕೆಟ್ ಬೌಂಡರಿ. ಫುಟ್‌ಬಾಲಿನವರು ಬೇರೆ ಜಾಗಕ್ಕೆ ಹೋಗಿದ್ದು 1994ರಲ್ಲಿ, ಕುಂಬ್ಳೆ ಬರೋಕೆ ಒಂದು ವರ್ಷ ಮುಂಚೆ. ನಮ್ಮಲ್ಲಿ ಒಂದೇ ಗ್ರೌಂಡಿನಲ್ಲಿ ಭಾನುವಾರ ಆರು ಮ್ಯಾಚ್ ನಡೆದು ಯಾರ ಬಾಲನ್ನು ಯಾರು ಹಿಡೀತಿದ್ದಾರೆ ಗೊತ್ತಾಗೋದಿಲ್ಲ, ಹಾಗಾಗಿ ನನಗೆ ಇದು ದೊಡ್ಡ ವಿಚಿತ್ರ ಅನಿಸಲಿಲ್ಲ.

ಟಿ20ಯಲ್ಲಿ ಅವರ ಹೆಸರು ಸ್ಟೀಲ್‌ಬ್ಯಾಕ್ಸ್. ಆ ಜಿಲ್ಲೆಯ ಸೈನಿಕರ ಹಳೆಯ ಅಡ್ಡಹೆಸರು ಅದು. ಹಿಂದೆ ಸೈನ್ಯದಲ್ಲಿ ತಪ್ಪು ಮಾಡಿದವರಿಗೆ ಬೆನ್ನಿಗೆ ಚಾಟಿಯಿಂದ ಹೊಡೀತಿದ್ದರಂತೆ, ಇವರು ಎಷ್ಟು ಹೊಡೆದರೂ ಹುಬ್ಬು ಅಲ್ಲಾಡಿಸ್ತಿರಲಿಲ್ಲವಂತೆ. 99 ಮ್ಯಾಚಿನ ಕತೆ ಕೇಳಿದ ಮೇಲೆ ಹೆಸರು ಸರಿಯಾಗೇ ಇದೆ.

ಇನ್ನು ಈ ಕ್ಲಬ್ಬಿನಲ್ಲಿ ನನ್ನ ಮೆಚ್ಚಿನ ಆಟಗಾರ ಬ್ಯಾಟ್ಸ್‌ಮನ್ ಡೇವಿಡ್ ಸ್ಟೀಲ್. 1975ರಲ್ಲಿ ಆಸ್ಟ್ರೇಲಿಯಾದ ವೇಗದ ಬೌಲರ್‌ಗಳು ಲಿಲ್ಲಿ, ಥಾಮ್ಸನ್ ಇಂಗ್ಲೆಂಡಿನವರನ್ನು ಹಣ್ಣುಗಾಯಿ ನೀರುಗಾಯಿ ಮಾಡ್ತಿದ್ದಾಗ 33 ವರ್ಷದ ಈ ಮನುಷ್ಯನನ್ನು ಕರೆದರು. ಕನ್ನಡಕ, ನೆರೆತ ಕೂದಲು. ನೋಡಿದರೆ ತಾಲೂಕು ಆಫೀಸಿನ ಗುಮಾಸ್ತ. ಲಾರ್ಡ್ಸ್‌ನಲ್ಲಿ ಮೊದಲ ಸಲ ಬ್ಯಾಟಿಂಗಿಗೆ ಇಳಿಯುವಾಗ ದಾರಿ ತಪ್ಪಿ, ಒಂದು ಮೆಟ್ಟಿಲು ಸಾಲು ಜಾಸ್ತಿ ಇಳಿದು ಕೆಳಗಿನ ಶೌಚಾಲಯದ ಹತ್ತಿರ ಹೋಗಿಬಿಟ್ಟ. ಆಮೇಲೆ ಮೈದಾನಕ್ಕೆ ಬಂದು 50 ಹೊಡೆದ. ಆ ಸರಣಿಯ ಮೂರು ಟೆಸ್ಟಿನಲ್ಲಿ 365 ರನ್. ಅವನೂರಿನ ಕಟುಕರ ಅಂಗಡಿಯವನೊಬ್ಬ ಒಂದು ರನ್ನಿಗೆ ಒಂದು ಕುರಿಮಾಂಸದ ಚಾಪ್, 50 ದಾಟಿದರೆ ಪ್ರತಿ ರನ್ನಿಗೂ ದೊಡ್ಡ ತುಂಡು ಅಂತ ಮಾತು ಕೊಟ್ಟಿದ್ದ. ನಮ್ಮ ಕೌಲ್ ಬಜಾರಿನಲ್ಲಿ ಯಾರಾದರೂ ಹೀಗೆ ಅಂದರೆ ನಾನು ಈ ವಯಸ್ಸಿನಲ್ಲೂ ಪ್ಯಾಡ್ ಕಟ್ತೀನಿ. ಆ ವರ್ಷ ಬಿಬಿಸಿಯ ವರ್ಷದ ಕ್ರೀಡಾಪಟು ಪ್ರಶಸ್ತಿಯೂ ಅವನಿಗೇ ಬಂತು.

ಆದರೆ 1976ರ ಕೊನೆಯಲ್ಲಿ ಭಾರತಕ್ಕೆ ಬರುವ ತಂಡದಲ್ಲಿ ಅವನನ್ನು ಸೇರಿಸಲಿಲ್ಲ. ಸ್ಪಿನ್ ಆಡೋಕೆ ಬರೋಲ್ಲ ಅಂತ ಕಾರಣ. ಒಟ್ಟು ಎಂಟೇ ಟೆಸ್ಟ್. ಇವನ ಕೌಂಟಿಯಲ್ಲಿ ನಮ್ಮ ಭಾರತದ ಸ್ಪಿನ್ನರ್ ಬೇಡಿ ಇದ್ದ, ನೆಟ್ಸ್‌ನಲ್ಲಿ ದಿನಾ ಅವನನ್ನೇ ಆಡ್ತಿದ್ದವನಿಗೆ ಸ್ಪಿನ್ ಬರೋಲ್ಲ ಅಂದರೆ ಹೇಗೆ ಅಂತ ನನ್ನ ಪ್ರಶ್ನೆ.

ಬಳ್ಳಾರಿ ಬಿಸಿಲು:

ಅಯ್ಯೋ ಬೇಡಿ ಕೂಡ ಇಲ್ಲೇ ಆಡಿದ್ದಾ? ನಾನು ಪಂತ ಸೋತೆ ಅಂತ ಆಗಲೇ ಗೊತ್ತಾಯ್ತು, ಆದರೆ ಇನ್ನೂ ಹೇಳಿ. ಮಾವನಿಗೆ ಗೊತ್ತಿಲ್ಲದ ಒಂದಾದರೂ ವಿಷಯ ನನ್ನ ಹತ್ತಿರ ಇರಬೇಕು.

ಗಂಜ್ ರಾಯಚೂರು:

ಹಾಗಾದರೆ ಇದನ್ನು ಹೇಳು ಮಾವನಿಗೆ.

ಕೌಂಟಿಗಳು ಹೊರದೇಶದ ಆಟಗಾರರನ್ನು ಕಾಯಿಸದೆ ನೇರವಾಗಿ ಸೇರಿಸಿಕೊಳ್ಳಬಹುದು ಅಂತ ಆಗಿದ್ದು 1968ರಲ್ಲಿ. ಬಿಷನ್ ಸಿಂಗ್ ಬೇಡಿ ನಾರ್ಥಾಂಪ್ಟನ್‌ನಲ್ಲಿ 1972ರಿಂದ 1977ರವರೆಗೆ ಇದ್ದ. ಕ್ಲಬ್ಬಿಗೆ 434 ವಿಕೆಟ್. ಅವನ ಜೊತೆ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಪಾಕಿಸ್ತಾನದ ಮುಷ್ತಾಕ್ ಮೊಹಮ್ಮದ್, ಸರ್ಫರಾಜ್ ನವಾಜ್. ಕಾಲ ಯಾವುದು ನೋಡು. 1971ರ ಯುದ್ಧ ಆಗಿ ಆರು ತಿಂಗಳೂ ಆಗಿರಲಿಲ್ಲ. ಎರಡೂ ದೇಶ 1961ರಲ್ಲಿ ಟೆಸ್ಟ್ ಆಡಿದ್ದೇ ಕೊನೆ, ಮತ್ತೆ ಆಡಿದ್ದು 1978ರಲ್ಲಿ. ದೇಶಗಳು ಆಡದೇ ಇದ್ದ ಆ ಕಾಲದಲ್ಲೇ ಈ ಮೂವರು ಬೂಟು ಹೊಲಿಯುವ ಊರಿನಲ್ಲಿ ಒಟ್ಟಿಗೆ ಆಡಿದರು. 1976ರಲ್ಲಿ ಮುಷ್ತಾಕ್ ಕ್ಯಾಪ್ಟನ್, ಲ್ಯಾಂಕಶೈರ್ ಸೋಲಿಸಿ ಒಂದು ದಿನದ ಪಂದ್ಯಗಳ ಜಿಲೆಟ್ ಕಪ್ ಗೆದ್ದರು, ಕ್ಲಬ್ಬಿನ ಮೊದಲ ಟ್ರೋಫಿ. ಆ ಫೈನಲ್‌ನಲ್ಲಿ ಲ್ಯಾಂಕಶೈರ್ ಇನ್ನಿಂಗ್ಸಿನ ಕೊನೆಯ ಓವರ್ ಹಾಕಿದ್ದು ಬೇಡಿ, ಡೇವಿಡ್ ಹ್ಯೂಸ್ ಅದರಲ್ಲಿ 26 ಬಾರಿಸಿದ. ಬೇಡಿ ಓವರಿನಲ್ಲಿ! ಗೆದ್ದರು, ಹಾಗಾಗಿ ಉಳಿದ.

ಈಗ ಮುಖ್ಯ ವಿಷಯ. 1978ರ ನವೆಂಬರ್, ಪಾಕಿಸ್ತಾನದ ಸಾಹಿವಾಲ್, ಒಂದು ದಿನದ ಪಂದ್ಯ. ನಮಗೆ 14 ಬಾಲಿಗೆ 23 ರನ್ ಬೇಕು, ಎಂಟು ವಿಕೆಟ್ ಕೈಯಲ್ಲಿವೆ. ಸರ್ಫರಾಜ್ ಒಂದರ ಹಿಂದೆ ಒಂದು ನಾಲ್ಕು ಬೌನ್ಸರ್ ಹಾಕಿದ, ಅಂಶುಮನ್ ಗಾಯಕ್ವಾಡ್ ತಲೆಯ ಮೇಲಿಂದ, ಬ್ಯಾಟಿಗೆ ಎಟುಕದ ಹಾಗೆ. ಅಂಪೈರ್ ವೈಡ್ ಕೊಡಲಿಲ್ಲ. ನಮ್ಮ ಕ್ಯಾಪ್ಟನ್ ಬ್ಯಾಟ್ಸ್‌ಮನ್‌ಗಳನ್ನು ವಾಪಸ್ ಕರೆದು ಪಂದ್ಯವನ್ನೇ ಬಿಟ್ಟುಕೊಟ್ಟ. ನಮ್ಮ ಕ್ಯಾಪ್ಟನ್ ಯಾರು? ಬೇಡಿ. ಅವರ ಕ್ಯಾಪ್ಟನ್? ಮುಷ್ತಾಕ್. ಎರಡು ವರ್ಷದ ಹಿಂದೆ ಒಂದೇ ಕಪ್ ಹಿಡಿದು ಫೋಟೊ ತೆಗೆಸಿಕೊಂಡ ಮೂವರೇ ಅವರು. ಇದನ್ನು ನಾನು ಎಷ್ಟೋ ವರ್ಷ ಎರಡು ಬೇರೆ ಬೇರೆ ಕತೆ ಅಂದುಕೊಂಡಿದ್ದೆ.

ಕಿನ್ನಾಳ ಬೊಂಬೆ:

ಸಾಹಿವಾಲ್ ಕತೆ ಗೊತ್ತಿತ್ತು, ಈ ನಂಟು ಗೊತ್ತಿರಲಿಲ್ಲ. ಸರ್, ನೀವು ಇದೇ ಕ್ಲಬ್ಬಿನ ಬ್ಯಾಟ್ಸ್‌ಮನ್ ಕಾಲಿನ್ ಮಿಲ್ಬರ್ನ್ ಬಿಟ್ಟಿರಿ.

ದಪ್ಪ ಮನುಷ್ಯ, ಈಗಿನ ಕಾಲದಲ್ಲಾಗಿದ್ದರೆ ಫಿಟ್‌ನೆಸ್ ಟೆಸ್ಟಿನ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದರು. ಆದರೆ ಬಾಲನ್ನು ಹೊಡೆಯೋದು ಅಂದರೆ ಹೊಡೆಯೋದೇ. 1968ರಲ್ಲಿ ಬ್ರಿಸ್ಬೇನ್‌ನಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ಪರ 243 ಹೊಡೆದ, ಅದರಲ್ಲಿ 181 ಊಟದಿಂದ ಚಹಾದ ನಡುವೆ, ಎರಡೇ ತಾಸಿನಲ್ಲಿ. 1969ರ ಮಾರ್ಚ್‌ನಲ್ಲಿ ಕರಾಚಿ ಟೆಸ್ಟಿನಲ್ಲಿ 139. ಇನ್ನು ಇವನನ್ನು ತಂಡದಿಂದ ಬಿಡೋಕಾಗಲ್ಲ ಅಂತ ಎಲ್ಲರೂ ಅಂದುಕೊಂಡರು. ಮೇ ತಿಂಗಳಲ್ಲಿ ಕಾರು ಅಪಘಾತ, ಎಡಗಣ್ಣು ಹೋಯ್ತು. ಬಲಗೈ ಬ್ಯಾಟ್ಸ್‌ಮನ್‌ಗೆ ಬೌಲರ್ ಕಡೆ ಮುಂದೆ ಇರೋದು ಎಡಗಣ್ಣೇ. ನಾಲ್ಕು ವರ್ಷ ಬಿಟ್ಟು ಮತ್ತೆ ಆಡಿ ನೋಡಿದ, ಆಗಲಿಲ್ಲ. ಒಂಬತ್ತು ಟೆಸ್ಟಿಗೆ ಮುಗೀತು.

ಇದೇ ಕ್ಲಬ್ಬಿನ ವೇಗದ ಬೌಲರ್ ಫ್ರಾಂಕ್ ಟೈಸನ್ ಬಗ್ಗೆ ಎರಡೇ ಸಾಲು. ಟೈಫೂನ್ ಅಂತಲೇ ಕರೀತಿದ್ದರು, 1954-55ರಲ್ಲಿ ಆಸ್ಟ್ರೇಲಿಯಾ ಮೇಲಿನ ಆಶಸ್ ಟೆಸ್ಟ್ ಸರಣಿಯಲ್ಲಿ 28 ವಿಕೆಟ್, ಮೆಲ್ಬೋರ್ನ್‌ನಲ್ಲಿ 27 ರನ್ನಿಗೆ 7 ವಿಕೆಟ್. ಅಷ್ಟು ಜೋರು ಬೌಲರ್‌ಗೆ ತನ್ನ ಕ್ಲಬ್ಬಿನ ಮೈದಾನದಲ್ಲಿ ಸಿಕ್ಕ ಪಿಚ್ ಮಾತ್ರ ನಿಧಾನದ್ದು, ಸ್ಪಿನ್ನರ್‌ಗಳಿಗೆ ಹೇಳಿಮಾಡಿಸಿದ್ದು. ಅದೇ ಮೈದಾನದಿಂದ ಮುಂದೆ ಗ್ರೇಮ್ ಸ್ವಾನ್, ಮಾಂಟಿ ಪನೇಸರ್ ಬಂದರು.

ಟಿ20 ಸಾಕು:

ಸರಿ ಸರಿ, ಸಾಹಿವಾಲ್ ಕತೆಗೆ ಒಂದು ಲೈಕ್. ಆದರೆ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗೆಲ್ಲದೆ ದುಡ್ಡು ಎಲ್ಲಿಂದ? ಸದಸ್ಯರ ಚಂದಾ ಅಂತ ಕೇಳಿದ್ದೆ.

ಗಂಜ್ ರಾಯಚೂರು:

ಅರ್ಧ ಸರಿ. ಬಹಳಷ್ಟು ಕೌಂಟಿಗಳು ಸದಸ್ಯರದೇ. ವರ್ಷಕ್ಕಿಷ್ಟು ಅಂತ ಕಟ್ಟಿದವರು ಸಭೆಯಲ್ಲಿ ಕೈ ಎತ್ತಿ ವೋಟು ಹಾಕ್ತಾರೆ, ನಮ್ಮ ಸಹಕಾರ ಸಂಘದ ಹಾಗೆ, ಜಗಳವೂ ಅಷ್ಟೇ. ಆದರೆ ನಾರ್ಥಾಂಪ್ಟನ್‌ಶೈರ್ ಈಗ ಕಂಪನಿ ಆಗಿದೆ. ಡರ್ಹ್ಯಾಮ್, ಹ್ಯಾಂಪ್‌ಶೈರ್, ಇದು, ಈ ಮೂರು ಸದಸ್ಯರ ಕೈಯಲ್ಲಿಲ್ಲ. ದೊಡ್ಡ ಪಾಲು ದುಡ್ಡು ಎಲ್ಲರಿಗೂ ಬರೋದು ಅಲ್ಲಿನ ಕ್ರಿಕೆಟ್ ಮಂಡಳಿಯಿಂದ, ಅಂದರೆ ಟಿವಿ ಹಕ್ಕಿನಿಂದ. ಬಳ್ಳಾರಿ ತಮ್ಮ ಕೇಳಿದ್ದಕ್ಕೆ: ಹೆಸರು ಜಿಲ್ಲೆಯದು, ಆದರೆ ಆಟಗಾರರು ಸಂಬಳಕ್ಕೆ ಇರೋರು. ಜಿಲ್ಲಾ ತಂಡವೂ ಅಲ್ಲ, ಐಪಿಎಲ್ಲೂ ಅಲ್ಲ.

ನಮ್ಮ ಕಡೆ ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲ ಸೇರಿ ಒಂದು ವಲಯ, ಚೆನ್ನಾಗಿ ಆಡುವ ಹುಡುಗ ಹದಿನಾರಕ್ಕೆ ಬೆಂಗಳೂರು ಬಸ್ಸು ಹತ್ತಲೇಬೇಕು. ನಾರ್ಥಾಂಪ್ಟನ್ ದೊಡ್ಡ ಊರೇನಲ್ಲ. ಆದರೂ ಅಲ್ಲಿನ ಹುಡುಗನಿಗೆ ಊರಲ್ಲೇ ಫಸ್ಟ್ ಕ್ಲಾಸ್ ತಂಡ ಇದೆ, ಸ್ವಾನ್ ಹಾಗೇ ಬಂದವನು. ನನಗೆ ಹೊಟ್ಟೆಕಿಚ್ಚು ಆಗೋದು ಅಷ್ಟಕ್ಕೆ.

ಕೌಲ್ ಬಜಾರ್ ಟೈಲರ್:

ಕರುಣ್ ಬಗ್ಗೆ ಶುರು ಮಾಡಿ ಅವನನ್ನೇ ಮರೆತಿರಲ್ರೀ. 2016ರಲ್ಲಿ ಚೆನ್ನೈನಲ್ಲಿ ಇದೇ ಇಂಗ್ಲೆಂಡ್ ಮೇಲೆ 303 ನಾಟೌಟ್. ಆಮೇಲೆ ಟೆಸ್ಟ್ ಹೋಯ್ತು, ಕರ್ನಾಟಕ ತಂಡವೂ ಹೋಯ್ತು. 2023ರ ಸೆಪ್ಟೆಂಬರ್‌ನಲ್ಲಿ ನಾರ್ಥಾಂಪ್ಟನ್‌ನವರು ಕೊನೆಯ ಮೂರು ಮ್ಯಾಚಿಗೆ ಅಂತ ಕರೆದರು, ಸರ್ರೆ ಮೇಲೆ 150 ಹೊಡೆದ. ಮುಂದಿನ ವರ್ಷ ಮತ್ತೆ ಕರೆದರು, ಏಪ್ರಿಲ್ ಚಳಿಯಲ್ಲಿ ಗ್ಲಾಮೊರ್ಗನ್ ಮೇಲೆ 202 ನಾಟೌಟ್. 2025ರ ಜೂನ್‌ನಲ್ಲಿ ಎಂಟು ವರ್ಷದ ಮೇಲೆ ಲೀಡ್ಸ್‌ನಲ್ಲಿ ಟೆಸ್ಟಿಗೆ ಇಳಿದ. ಸೊನ್ನೆಗೆ ಔಟಾದ, ಆ ಮಾತು ಬೇರೆ. ನಾನು ಮಷೀನ್ ನಿಲ್ಲಿಸಿ ಮೊಬೈಲ್ ನೋಡ್ತಾ ಕೂತಿದ್ದೆ, ನನಗೇ ಔಟಾದ ಹಾಗಾಯ್ತು.

ಬಳ್ಳಾರಿ ಬಿಸಿಲು:

ಎಲ್ಲರಿಗೂ ಥ್ಯಾಂಕ್ಸ್. ಹನ್ನೊಂದು ಜನರಿಗೆ ಮಿರ್ಚಿ, ಮಾವನಿಗೆ ಎರಡು ಪ್ಲೇಟ್ ಒಗ್ಗಾಣಿ, ಚಹಾ ಬೇರೆ. ಸಾಹಿವಾಲ್ ಕತೆ ಹೇಳಿದೆ. ಮಾವ ಪೂರ್ತಿ ಕೇಳಿ, "ಗಾಯಕ್ವಾಡ್ ತಲೆ ಮೇಲಿಂದ ಹೋಗಿದ್ದು ಗೊತ್ತಿತ್ತು, ಮಿಕ್ಕಿದ್ದು ಗೊತ್ತಿರಲಿಲ್ಲ" ಅಂತ ಒಪ್ಪಿಕೊಂಡರು. ಅರ್ಧ ಬಿಲ್ ಅವರು ಕೊಡ್ತಾರೇನೋ ಅಂದುಕೊಂಡೆ. ಕೊಡಲಿಲ್ಲ.

ಒಂದು ಕೊನೆ ಪ್ರಶ್ನೆ, ಈ ಮ್ಯಾಚ್‌ಗಳು ಇಲ್ಲಿ ನೋಡೋಕೆ ಸಿಗ್ತಾವಾ?

ಕಿನ್ನಾಳ ಬೊಂಬೆ:

ಯೂಟ್ಯೂಬ್‌ನಲ್ಲಿ ಕ್ಲಬ್ಬಿನವರೇ ಹಾಕ್ತಾರೆ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದರೆ ನಮಗೆ ಮಧ್ಯಾಹ್ನ ಮೂರೂವರೆ. ಏಪ್ರಿಲ್‌ನಲ್ಲಿ ನೋಡಿ, ಇಲ್ಲಿ ಫ್ಯಾನ್ ಕೆಳಗೆ ಬನಿಯನ್‌ನಲ್ಲಿ ಬೆವರ್ತಾ ಕೂತಿರ್ತೀವಿ, ಅಲ್ಲಿ ಸ್ಲಿಪ್‌ನಲ್ಲಿ ನಿಂತವರು ಎರಡೆರಡು ಸ್ವೆಟರ್ ಹಾಕಿ ಕೈ ಉಜ್ಜಿಕೊಳ್ತಿರ್ತಾರೆ.